ಐದು ತಿಂಗಳ ಮಗು ಕರ್ಕೊಂಡು ಮೈಸೂರು ಸುತ್ತಕ್ಕೆ ಹೋಗ್ಬೋದಾ ಮೇಡಂ?

ಪ್ರಶ್ನೆ (ಮಂಡ್ಯದ ಒಬ್ರು ತಾಯಿ):
ಮೇಡಂ ನಮಸ್ತೆ, ನನ್ ಮಗಳಿಗೆ ಈಗ ಐದು ತಿಂಗಳು, ತವರಿಂದ ಬಾಣಂತನ ಮುಗಿಸ್ಕೊಂಡು ಮಂಡ್ಯಕ್ಕೆ ಬಂದ್ಮೇಲೆ ಇಂಜೆಕ್ಷನ್ ಹಾಕ್ಸೋಕೆ ಬಿಟ್ರೆ ಹೊಸ್ಲು ದಾಟಿಲ್ಲ ಅನ್ನಿ, ಮನೇಲೇ ಕೂತು ಕೂತು ತಲೆ ಕೆಟ್ಟೋಗಿದೆ. ನಮ್ಮೆಜಮಾನ್ರಿಗೆ ಭಾನುವಾರ ಒಂದೇ ರಜ, ಅವ್ರು ಪ್ಲಾನ್ ಹಾಕವ್ರೆ ಬೆಳಿಗ್ಗೆ ಝೂ, ಮಧ್ಯಾಹ್ನ ಚಾಮುಂಡಿ ಬೆಟ್ಟ, ಸಂಜೆ ಕೆಆರ್‌ಎಸ್ ಕಾರಂಜಿ ನೋಡ್ಕೊಂಡು ರಾತ್ರಿ ವಾಪಸ್ ಅಂತ, ಅದೂ ಸ್ಕೂಟ್ರಲ್ಲಿ. ನಮ್ಮತ್ತೆ ಅಂತೂ ವರ್ಷ ತುಂಬೋವರೆಗೂ ಮಗುನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ, ಗಾಳಿ ಸೋಕುತ್ತೆ, ದೃಷ್ಟಿ ಆಗುತ್ತೆ ಅಂತಾರೆ. ಇಬ್ರ ಮಧ್ಯ ನಾನು ಯಾರ ಮಾತು ಕೇಳ್ಲಿ? ಬಿಸ್ಲು ಬೇರೆ ಜೋರಾಗಿದೆ. ಬರೀ ಎದೆಹಾಲು ಕುಡಿಸ್ತಿದೀನಿ, ನೀರು ಸ್ವಲ್ಪ ಕೊಡ್ಬೋದಾ ದಾರೀಲಿ?

ಡಾಕ್ಟರ್ ಉತ್ತರ:
ಹೋಗಮ್ಮ, ಖಂಡಿತ ಹೋಗು. ಆದ್ರೆ ಆ ಪ್ಲಾನ್ ನಿಮ್ಮೆಜಮಾನ್ರ ಸೈಜಿಂದು, ಮಗು ಸೈಜಿಂದಲ್ಲ. ದಿನಕ್ಕೆ ಮೂರು ಜಾಗ ದೊಡ್ಡೋರಿಗೇ ಸುಸ್ತು, ಐದು ತಿಂಗಳ ಮಗು ಒಂದೂವರೆ ಎರಡು ಗಂಟೆ ಎಚ್ಚರ ಇದ್ರೆ ಆಮೇಲೆ ನಿದ್ದೆ ಕೇಳುತ್ತೆ, ನಿದ್ದೆ ಸಿಗ್ಲಿಲ್ಲ ಅಂದ್ರೆ ಅಳುತ್ತೆ, ಅದು ಅತ್ತಾಗ ನಿಮ್ಮೆಜಮಾನ್ರು ನಿಮ್ ಮುಖ ನೋಡ್ತಾರೆ, ನೀವು ಅವ್ರ ಮುಖ ನೋಡ್ತೀರ, ಭಾನುವಾರ ಅಲ್ಲಿಗೆ ಮುಗೀತು. ಒಂದೇ ಜಾಗ ಇಟ್ಕೊಳ್ಳಿ, ಬೆಳಿಗ್ಗೆ ಹೊರಟು ಹನ್ನೊಂದು ಗಂಟೆ ಒಳಗೆ ನೆರಳಿಗೆ ಬಂದ್ಬಿಡಿ.

ಝೂ ಭಾನುವಾರ ಬೇಡ. ಜಾತ್ರೆ ಜನ, ಪೂರ್ತಿ ಸುತ್ತಾಕೋಕೆ ಎರಡು ಮೂರು ಗಂಟೆ ನಡೀಬೇಕು, ಮತ್ತೆ ಈ ವಯಸ್ಸಿಗೆ ಆನೆಗಿಂತ ಅವಳಿಗೆ ನಿಮ್ ಸೀರೆ ಅಂಚೇ ಇಂಟರೆಸ್ಟಿಂಗು. ಮಗು ನಡೆಯೋ ವಯಸ್ಸಿಗೆ ಬಂದ್ಮೇಲೆ ವಾರದ ಮಧ್ಯೆ ಒಂದು ದಿನ ರಜ ಹಾಕಿಸ್ಕೊಂಡು ಹೋಗಿ, ಮಂಗಳವಾರ ಮಾತ್ರ ಬಿಟ್ಟು, ಅವತ್ತು ಝೂಗೆ ರಜ. ಕೆಆರ್‌ಎಸ್ ಸಂಜೆ ಅಂದ್ರೆ ಸೊಳ್ಳೆ, ಮೆಟ್ಲು, ನೂಕುನುಗ್ಗಲು ಮೂರೂ ಒಟ್ಟಿಗೆ, ಕಾರಂಜಿ ಶುರುವಾಗೋ ಹೊತ್ತಿಗೆ ಮಗುಗೆ ಮಲಗೋ ಟೈಮು. ಬೆಟ್ಟಕ್ಕೆ ಬೇಕಾದ್ರೆ ಇನ್ನೊಂದಿನ ಬೆಳಿಗ್ಗೆ ಕಾರಲ್ಲೋ ಬಸ್ಸಲ್ಲೋ ಹೋಗಿ, ಆಷಾಢ ಶುಕ್ರವಾರ ಒಂದು ಬಿಟ್ಟು.

ನಾನಾದ್ರೆ ಏನ್ಮಾಡ್ತೀನಿ ಗೊತ್ತಾ, ಮಂಡ್ಯದಿಂದ ಬೆಳಿಗ್ಗೆ ಟ್ರೈನು ಹತ್ತಿ ಮೈಸೂರಿಗೆ ಬರ್ತೀನಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ದಾರಿ, ಕುಲುಕಾಟ ಕಮ್ಮಿ, ಮಗುನ ತೊಡೆ ಮೇಲೆ ಹಾಕ್ಕೊಂಡು ಹಾಲು ಕುಡಿಸ್ಬೋದು, ಬೇಕಾದ್ರೆ ಎದ್ದು ಓಡಾಡ್ಬೋದು. ಸ್ಟೇಷನ್ ಪಕ್ಕದಲ್ಲೇ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ ಇದೆ, ಹಳೇ ಸ್ಟೀಮ್ ಇಂಜಿನ್ನು, ಮರದ ನೆರಳು, ಕೂರೋಕೆ ಜಾಗ. ಒಂದು ಗಂಟೆ ಅಲ್ಲಿ ಕೂತು, ಎಲ್ಲಾದ್ರೂ ಮಸಾಲೆ ದೋಸೆ ತಿಂದು (ನೀವು ಮಗು ಅಲ್ಲ), ಮಧ್ಯಾಹ್ನದ ಊಟಕ್ಕೆ ಮನೆಗೆ. ಸಾಕು ಇದು. ನಿಮಗೆ ಬೇಕಿರೋದು ಮೈಸೂರಲ್ಲ ಕಣಮ್ಮ, ನಾಲ್ಕು ಗೋಡೆ ಬಿಟ್ಟು ಇನ್ನೊಂದು ಕಡೆ ಉಸಿರಾಡೋದು.

ಅತ್ತೆ ಮಾತು ಪೂರ್ತಿ ತಳ್ಳಿಹಾಕ್ಬೇಡಿ. ಗಾಳಿ ಏನೂ ಮಾಡಲ್ಲ, ಜನ ಮಾಡ್ತಾರೆ. ನೆಗಡಿ ಕೆಮ್ಮು ಇರೋರು ಎತ್ಕೊಂಡು ಮುದ್ದು ಮಾಡಿ ಮುತ್ತು ಕೊಟ್ಟು ಹೋಗ್ತಾರಲ್ಲ, ಅದೇ ನಿಜವಾದ ಗಾಳಿ ಸೋಕೋದು. ಮೊದಲ ಎರಡು ಮೂರು ತಿಂಗಳು ಜನಜಂಗುಳಿ ಬೇಡ ಅಂತ ನಾವೂ ಹೇಳೋದು, ಯಾಕಂದ್ರೆ ಮೂರು ತಿಂಗಳ ಒಳಗಿನ ಮಗುಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದ್ರೂ ಮನೇಲಿ ಸಿರಪ್ ಹಾಕಿ ಕಾಯೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಬರ್ಬೇಕು. ನಿಮ್ ಮಗು ಅದು ದಾಟಿದೆ, 6, 10, 14ನೇ ವಾರದ ಇಂಜೆಕ್ಷನ್ ಮೂರೂ ಆಗಿದ್ರೆ ಧೈರ್ಯವಾಗಿ ಹೊರಡಿ. ತಿಂಗಳು ತುಂಬದೆ ಹುಟ್ಟಿರೋ ಮಗು, ಹಾರ್ಟಿನ ತೊಂದ್ರೆ ಇರೋ ಮಗು ಅಂದ್ರೆ ಲೆಕ್ಕ ಬೇರೆ, ನಿಮ್ ಡಾಕ್ಟ್ರನ್ನ ಕೇಳ್ಕೊಂಡೇ ಹೊರಡ್ಬೇಕು.

ನೀರು ಬೇಡ. ಬಿಸ್ಲಿದ್ರೂ ಬೇಡ. ಎದೆಹಾಲಲ್ಲಿ ನೂರಕ್ಕೆ 87-88 ಭಾಗ ನೀರೇ ಇರೋದು, ಆರು ತಿಂಗಳವರೆಗೆ ಅದೇ ಸಾಕು, ಸೆಕೆ ಜಾಸ್ತಿ ಇದ್ರೆ ಜಾಸ್ತಿ ಸಲ ಕುಡಿಸಿ ಅಷ್ಟೇ. ದಿನಕ್ಕೆ ಆರು ಸಲ ಚೆನ್ನಾಗಿ ಉಚ್ಚೆ ಹೋಗ್ತಿದ್ರೆ ನೀರಿನಂಶ ಸರಿಯಾಗಿದೆ ಅಂತ ಅರ್ಥ. ಗ್ರೈಪ್ ವಾಟರ್ ಕೂಡ ಬ್ಯಾಗಿಂದ ತೆಗೆದಿಡಿ. ನೀರು ನಿಮಗೆ ಬೇಕು, ದೊಡ್ಡ ಬಾಟಲ್ ತಗೊಳ್ಳಿ.

ಕಾಮೆಂಟ್ (ಮೈಸೂರಿಂದ):
ಮೇಡಂ ಸ್ಕೂಟರ್ ಬಗ್ಗೆ ಹೇಳ್ಲೇ ಇಲ್ಲ. ನಾವು ನಮ್ ಹತ್ತು ತಿಂಗಳ ಮಗನ್ನ ಮಧ್ಯ ಕೂರಿಸ್ಕೊಂಡು ಕುಕ್ಕರಹಳ್ಳಿ ಕೆರೆಗೆ ಹೋಗ್ತೀವಿ, ಹತ್ರಾನೇ ಅಲ್ವಾ.

ಡಾಕ್ಟರ್ ಉತ್ತರ:
ಬರೀಬೇಕು ಅಂತಿದ್ದೆ, ನೀವೇ ಕೇಳಿದ್ರಿ. 9 ತಿಂಗಳಿಂದ 4 ವರ್ಷದ ಮಕ್ಕಳನ್ನ ಟೂವ್ಹೀಲರಲ್ಲಿ ಕರ್ಕೊಂಡು ಹೋಗ್ಬೇಕಾದ್ರೆ ಓಡ್ಸೋರಿಗೆ ಮಗುನ ಕಟ್ಟೋ ಸೇಫ್ಟಿ ಬೆಲ್ಟು, ಮಗು ತಲೆಗೆ ಸರಿಯಾಗಿ ಕೂರೋ ಹೆಲ್ಮೆಟ್ಟು, ಸ್ಪೀಡು 40 ಕಿಲೋಮೀಟರ್ ಒಳಗೆ, ಇದು 2023ರ ಫೆಬ್ರವರಿಯಿಂದ ಜಾರೀಲಿರೋ ಕೇಂದ್ರದ ರೂಲ್ಸು. ನಮ್ಮೂರಲ್ಲಿ ಯಾರ್ ಪಾಲಿಸ್ತಾರೆ ಅಂತ ನೀವು ಕೇಳ್ತೀರ, ನನಗೂ ಗೊತ್ತು, ಆದ್ರೆ ಹಂಪ್ ಹಾರ್ದಾಗ ಮಗು ಕತ್ತಿಗೆ ರೂಲ್ಸ್ ಗೊತ್ತಾಗಲ್ಲ. ನಿಮ್ ಹತ್ತು ತಿಂಗಳ ಮಗನಿಗೆ ಬೆಲ್ಟು ಹೆಲ್ಮೆಟ್ಟು ಎರಡೂ ತಗೊಳ್ಳಿ, ಇಲ್ಲ ಆಟೋದಲ್ಲಿ ಹೋಗಿ. ಒಂಬತ್ತು ತಿಂಗಳ ಒಳಗೆ ಅಂದ್ರೆ ಸ್ಕೂಟರ್ ಸಹವಾಸವೇ ಬೇಡ, ಕತ್ತು ಇನ್ನೂ ಗಟ್ಟಿ ಇರಲ್ಲ. ಮೇಲಿನ ತಾಯಿಗೆ ಇನ್ನೊಂದು ಮಾತು, ಮಂಡ್ಯದಿಂದ ಬರೋ ಎಕ್ಸ್‌ಪ್ರೆಸ್ ಹೈವೇಲಿ 2023ರ ಆಗಸ್ಟ್‌ನಿಂದ ಬೈಕು ಆಟೋ ಬಿಡಲ್ಲ, ಸರ್ವೀಸ್ ರೋಡಲ್ಲೇ ಬರ್ಬೇಕು, ಆ ಹಂಪು ಆ ಧೂಳಲ್ಲಿ ನಲವತ್ತು ಚಿಲ್ಲರೆ ಕಿಲೋಮೀಟರ್ ಮಗು ಎತ್ಕೊಂಡು ಬರೋದು ನೆನೆಸ್ಕೊಂಡ್ರೇ ನನಗೆ ಬೆನ್ನು ನೋವು.

ಕಾರಿದ್ರೆ ಮುಂದಿನ ಸೀಟಲ್ಲಿ ಮಗು ತೊಡೆ ಮೇಲೆ ಹಾಕ್ಕೊಂಡು ಕೂರ್ಬೇಡಿ, ಏರ್‌ಬ್ಯಾಗ್ ಬಿಚ್ಕೊಂಡ್ರೆ ಮಗುಗೇ ಮೊದಲು ಹೊಡೆಯೋದು. ಹಿಂದಿನ ಸೀಟಲ್ಲಿ, ಮುಖ ಹಿಂದಕ್ಕೆ ಇರೋ ಮಕ್ಕಳ ಸೀಟು. ಹಾಲು ಕುಡಿಸ್ಬೇಕಾದ್ರೆ ಗಾಡಿ ನಿಲ್ಸಿ ಕುಡಿಸಿ. ಮತ್ತೆ ಎರಡೇ ನಿಮಿಷ ಅಂತ ನಿಲ್ಸಿದ ಕಾರಲ್ಲಿ ಮಗು ಬಿಟ್ಟು ಹೂವ ತರೋಕೆ ಇಳೀಬೇಡಿ, ಕಿಟಕಿ ಸ್ವಲ್ಪ ಇಳಿಸಿದ್ರೂ ಒಳಗೆ ಕಾವು ಏರೋದು ನಿಲ್ಲಲ್ಲ.

ಕಾಮೆಂಟ್ (ಪಾಂಡವಪುರದ ಒಬ್ರು ಅಜ್ಜಿ, ಮೊಮ್ಮಗ ಟೈಪ್ ಮಾಡ್ತಾವ್ನೆ):
ಅಲ್ಲ ಕಣವ್ವ ಡಾಕ್ಟ್ರಮ್ಮ, ನಾವು ಐದು ಮಕ್ಳು ಸಾಕಿವಿ, ಟೋಪಿ ಸ್ವೆಟ್ರು ಹಾಕ್ದೆ ಮಗೀನ ಈಚೆಗೆ ಕರ್ಕೊಂಡ್ ಹೋದವ್ರಲ್ಲ. ಈಗಿನವು ಬರೀ ಬನೀನಲ್ಲಿ ಹೊಂಟೋಯ್ತವೆ. ಮಗೀನ ಕೈಕಾಲು ಮುಟ್ಟಿದ್ರೆ ತಣ್ಣಗ್ ಕೊರೀತದೆ. ಕಣ್ಗೆ ಕಾಡಿಗೆ ಇಲ್ಲ, ಕೈಗೆ ಬಜೆ ಇಲ್ಲ, ದೃಷ್ಟಿ ಆಗ್ದೆ ಇನ್ನೇನಾದದು?

ಡಾಕ್ಟರ್ ಉತ್ತರ:
ಅಜ್ಜಿ ಐದು ಮಕ್ಕಳು ಸಾಕಿದೀರಿ ಅಂದ್ರೆ ನಿಮ್ ಕೈಗೆ ನಮಸ್ಕಾರ. ಆದ್ರೆ ಈ ಕೈಕಾಲು ತಣ್ಣಗಿರೋ ವಿಷ್ಯ ನನ್ ಕ್ಲಿನಿಕ್ಕಲ್ಲಿ ದಿನಾ ಕೇಳೋದು. ಸಣ್ಣ ಮಕ್ಕಳ ಅಂಗೈ ಅಂಗಾಲು ಯಾವಾಗ್ಲೂ ಸ್ವಲ್ಪ ತಣ್ಣಗೇ ಇರುತ್ತೆ, ಅದನ್ನ ನೋಡಿ ಸ್ವೆಟರ್ ಹಾಕ್ಬಾರ್ದು. ಎರಡು ಬೆರಳು ಮಗು ಕುತ್ತಿಗೆ ಹಿಂದುಗಡೆ, ಅಂಗಿ ಒಳಗೆ ಬೆನ್ನಿನ ಮೇಲ್ಭಾಗಕ್ಕೆ ಇಟ್ಟು ನೋಡಿ. ಅಲ್ಲಿ ಬೆಚ್ಚಗೆ ಒಣಗಿದ್ರೆ ಸರಿಯಾಗಿದೆ, ಜಿನುಗ್ತಿದ್ರೆ ಒಂದು ಬಟ್ಟೆ ಕಮ್ಮಿ ಮಾಡಿ, ತಣ್ಣಗಿದ್ರೆ ಒಂದು ಜಾಸ್ತಿ. ಏಪ್ರಿಲ್ ಬಿಸ್ಲಲ್ಲಿ ಉಲ್ಲನ್ ಟೋಪಿ ಹಾಕ್ಕೊಂಡು ಬರ್ತಾವೆ ಮಕ್ಕಳು, ಟೋಪಿ ತೆಗೆದ್ರೆ ಹಣೆ ಕೂದ್ಲೆಲ್ಲ ಒದ್ದೆ, ಕತ್ತಿನ ಮಡಿಕೇಲಿ ಕೆಂಪಗೆ ಬೆವರುಸಾಲೆ. ಹತ್ತಿ ಬಟ್ಟೆ, ಅಗಲ ಅಂಚಿನ ತೆಳ್ಳಗಿನ ಟೋಪಿ ಸಾಕು. ಆರು ತಿಂಗಳ ಒಳಗೆ ಸನ್‌ಸ್ಕ್ರೀನ್ ಬೇಡ, ನೆರಳೇ ಸನ್‌ಸ್ಕ್ರೀನು. ತಳ್ಳೋ ಗಾಡಿಗೆ ಬಿಸ್ಲು ಬೀಳುತ್ತೆ ಅಂತ ಮೇಲಿಂದ ದುಪ್ಪಟ್ಟ ಮುಚ್ತಾರಲ್ಲ, ಒಳಗೆ ಗಾಳಿ ಆಡದೆ ಇನ್ನೂ ಕಾಯುತ್ತೆ, ಅದೂ ಬೇಡ.

ಕಾಡಿಗೆ ಕಣ್ಣಿಗೆ ಬೇಡ ಅಜ್ಜಿ, ಕೆಲವು ಕಾಡಿಗೇಲಿ ಸೀಸ ಇರುತ್ತೆ, ಮಕ್ಕಳ ಮೆದುಳಿಗೆ ಕೆಟ್ಟದು, ಕಣ್ಣಿಗೂ ಸೋಂಕು. ದೃಷ್ಟಿಬೊಟ್ಟು ಅಂಗಾಲಿಗೆ ಇಡಿ, ನನಗೇನೂ ತಕರಾರಿಲ್ಲ, ನಾನೂ ಇಡ್ತೀನಿ. ಬಜೆ ಬಳೆ ಮಣಿ ಬಾಯಿಗೆ ಹಾಕ್ಕೊಂಡು ಕಿತ್ಕೊಂಡ್ರೆ ಗಂಟ್ಲಿಗೆ ಸಿಕ್ಕಾಕ್ಕೊಳ್ಳುತ್ತೆ, ಕತ್ತಿಗೆ ಕಟ್ಟೋ ಕರಿದಾರ ಅಂತೂ ಮಲಗಿದ್ದಾಗ ಸುತ್ಕೊಳ್ಳುತ್ತೆ. ಸೊಂಟಕ್ಕೆ ಉಡಿದಾರ ಸಡಿಲವಾಗಿ ಇರ್ಲಿ ಬಿಡಿ.

ಕಾಮೆಂಟ್ (ಮದ್ದೂರಿಂದ ಒಬ್ರು ಅಪ್ಪ):
ಮೇಡಂ ನಮ್ ಮಗನಿಗೆ ಎಂಟು ತಿಂಗಳು, ಹೊರಗಡೆ ಹೋದಾಗ ತಿನ್ಸೋಕೆ ಏನ್ ತಗೊಂಡು ಹೋಗ್ಲಿ? ಮನೇಲಿ ರಾಗಿ ಸರಿ ತಿಂತಾನೆ, ಹೊರಗಡೆ ಹೋದ್ರೆ ನಮ್ ಕೈಲಿರೋದೆಲ್ಲ ಬೇಕು. ಮೊನ್ನೆ ಶ್ರೀರಂಗಪಟ್ಟಣದಲ್ಲಿ ನಮ್ಮಣ್ಣ ವಡೆ ತುಂಡು ಬಾಯಿಗೆ ಇಟ್ಟೇಬಿಟ್ಟಿದ್ದ. ಹಾಲಿನ ಪುಡಿ ಕೂಡ ಕೊಡ್ತೀವಿ, ಕಲಸಿ ಫ್ಲಾಸ್ಕಿಗೆ ಹಾಕ್ಕೊಂಡ್ರೆ ಎಷ್ಟೊತ್ತು ಇರುತ್ತೆ?

ಡಾಕ್ಟರ್ ಉತ್ತರ:
ಅಪ್ಪಂದಿರು ಕೇಳಿದ್ರೆ ಖುಷಿ ನನಗೆ. ಕಲಸಿದ ಹಾಲು ಫ್ಲಾಸ್ಕಲ್ಲಿ ಬೇಡವೇ ಬೇಡ, ಆ ಬೆಚ್ಚಗಿರೋ ಹಾಲಲ್ಲಿ ಕ್ರಿಮಿ ಬೆಳೆಯೋಕೆ ಹೇಳಿ ಮಾಡಿಸಿದ ಜಾಗ. ಕುದಿಸಿದ ಬಿಸಿನೀರು ಫ್ಲಾಸ್ಕಲ್ಲಿ, ಅಳತೆ ಮಾಡಿದ ಪುಡಿ ಸಣ್ಣ ಡಬ್ಬೀಲಿ, ಕುಡಿಸೋ ಹೊತ್ತಿಗೆ ಕಲಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕ್ಕೊಂಡು ಬಿಸಿ ನೋಡಿ ಕೊಡಿ. ಕುಡಿಯೋಕೆ ಶುರು ಮಾಡಿ ಒಂದು ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ, ದುಡ್ಡು ಅಂತ ಹೊಟ್ಟೆ ಉರ್ಕೊಬೇಡಿ.

ಊಟಕ್ಕೆ ಇಡ್ಲಿಗಿಂತ ಒಳ್ಳೆ ಪ್ರಯಾಣದ ತಿಂಡಿ ಇಲ್ಲ. ಉಪ್ಪು ಹಾಕದೆ ಮಾಡಿದ ಒಂದೆರಡು ಇಡ್ಲಿ, ಸಿಪ್ಪೆ ಸಮೇತ ಬಾಳೆಹಣ್ಣು, ಏಲಕ್ಕಿನೋ ರಸಬಾಳೆನೋ, ಸ್ಪೂನಲ್ಲಿ ಕಿವುಚಿದ್ರೆ ಆಯ್ತು, ದೇವರೇ ಪ್ಯಾಕ್ ಮಾಡಿ ಕೊಟ್ಟಿದಾನೆ. ಮೊಸರನ್ನ ಸೆಕೇಲಿ ಹುಳಿ ಬರುತ್ತೆ ಬೇಡ. ಒಂದು ವರ್ಷದ ಒಳಗೆ ಸಕ್ಕರೆ ಉಪ್ಪು ಬೇಡ, ಜೇನುತುಪ್ಪ ನಾಲಿಗೆಗೆ ಸವರೋದೂ ಬೇಡ. ನಿಮ್ಮಣ್ಣಂಗೆ ಹೇಳಿ, ವಡೆ ಅವ್ರು ತಿನ್ಲಿ. ಕಡ್ಲೆಕಾಯಿ, ಇಡೀ ದ್ರಾಕ್ಷಿ, ಚುರುಮುರಿ, ಪಾಪ್‌ಕಾರ್ನ್ ಇವು ಎಂಟು ತಿಂಗಳ ಮಗು ಕೈಗೆ ಸಿಗೋ ಹಾಗಿಲ್ಲ. ಝೂ ಮುಂದೆ ಕೊಯ್ದಿಟ್ಟ ಸೌತೆಕಾಯಿ ಮಾವಿನಕಾಯಿ ನೀವೂ ತಿನ್ಬೇಡಿ ಅಂತ ಹೇಳೋಕೆ ನನಗೆ ಅಧಿಕಾರ ಇಲ್ಲ, ಮಗುಗೆ ಮಾತ್ರ ಬೇಡ. ಬಲಮುರಿ ಕಡೆ ಹೋದ್ರೆ ಮಗು ಎತ್ಕೊಂಡು ನೀರಿಗಿಳೀಬೇಡಿ, ಫೋಟೋಗೂ ಇಳೀಬೇಡಿ, ಕಲ್ಲು ಪಾಚಿ ಕಟ್ಟಿರುತ್ತೆ.

ಬೇಧಿ ಶುರುವಾದ್ರೆ ಓಆರ್‌ಎಸ್ ಪಾಕೆಟ್ ಒಂದು ಬ್ಯಾಗಲ್ಲಿ ಇರ್ಲಿ, ಪಾಕೆಟ್ ಮೇಲೆ ಬರೆದಿರೋ ಅಷ್ಟು ನೀರಿಗೆ ಪೂರ್ತಿ ಪಾಕೆಟ್, ಅರ್ಧ ಅರ್ಧ ಮಾಡಿ ಅಂದಾಜಲ್ಲಿ ಕಲಸ್ಬೇಡಿ. ಉಚ್ಚೆ ಕಮ್ಮಿಯಾಗಿ ಮಗು ಮಂಕಾದ್ರೆ ಸುತ್ತಾಟ ಅಲ್ಲಿಗೆ ಬಿಟ್ಟು ಆಸ್ಪತ್ರೆ.

ಪ್ರಶ್ನೆ (ಮಂಡ್ಯದ ಅದೇ ತಾಯಿ):
ಥ್ಯಾಂಕ್ಸ್ ಮೇಡಂ, ನಮ್ಮೆಜಮಾನ್ರಿಗೆ ಓದಿ ಹೇಳ್ದೆ, ಟ್ರೈನಿಗೆ ಒಪ್ಕೊಂಡ್ರು, ಸ್ವಲ್ಪ ಮುಖ ಊದಿಸ್ಕೊಂಡಿದಾರೆ ಅಷ್ಟೇ. ಒಂದು ಮಾತು, ಗುಂಪಲ್ಲಿ ಕೇಳೋಕೆ ಸಂಕೋಚ, ಆದ್ರೂ ಕೇಳ್ತೀನಿ. ಸಾಯಂಕಾಲ ಆದ್ರೆ ಸುಮ್ಸುಮ್ನೆ ಅಳು ಬರುತ್ತೆ, ಮಗು ನಿದ್ದೆ ಮಾಡಿದ್ರೂ ನನಗೆ ನಿದ್ದೆ ಬರಲ್ಲ. ಹೊರಗಡೆ ಹೋಗಿ ಬಂದ್ರೆ ಸರಿ ಹೋಗುತ್ತಾ?

ಡಾಕ್ಟರ್ ಉತ್ತರ:
ಸಂಕೋಚ ಯಾಕಮ್ಮ, ಇಲ್ಲಿರೋ ಅರ್ಧ ಜನ ಮನಸ್ಸಲ್ಲೇ ಕೇಳ್ತಿರೋ ಪ್ರಶ್ನೆ ಇದು. ಹೆರಿಗೆ ಆದ ಮೊದಲ ಎರಡು ವಾರ ಅಳು ಬರೋದು ತುಂಬಾ ಜನಕ್ಕೆ ಇರುತ್ತೆ, ಅದು ತಾನಾಗೇ ಹೋಗುತ್ತೆ. ಐದು ತಿಂಗಳಾದ್ರೂ ಇದೆ, ಮಗು ಮಲಗಿದಾಗ್ಲೂ ನಿದ್ದೆ ಇಲ್ಲ ಅಂದ್ರೆ ಸುತ್ತಾಟ ಒಂದರಲ್ಲೇ ಹೋಗೋದಲ್ಲ, ಬಾಣಂತಿ ಖಿನ್ನತೆ ಇರ್ಬೋದು, ಔಷಧಿ ಇದೆ, ಹಾಲು ಕುಡಿಸ್ತಾನೇ ತಗೊಳ್ಳೋ ಅಂಥದ್ದೂ ಇದೆ. ಈ ವಾರವೇ ನಿಮ್ ಹೆರಿಗೆ ಡಾಕ್ಟ್ರಿಗೆ ಇದನ್ನ ಹೀಗೇ ಹೇಳಿ. ಮನೇಲಿ ಯಾರ್ಗೂ ಹೇಳೋಕಾಗಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಿಮಗೋ ಮಗುಗೋ ಏನಾದ್ರೂ ಮಾಡ್ಕೊಳ್ಳೋ ಯೋಚ್ನೆ ಬಂದ್ರೆ ಆ ಕ್ಷಣವೇ ಎಜಮಾನ್ರನ್ನ ಎಬ್ಬಿಸಿ, ಆಸ್ಪತ್ರೆಗೆ ಹೊರಡಿ, ಬೆಳಿಗ್ಗೆವರೆಗೆ ಕಾಯ್ಬೇಡಿ. ನನಗೆ ಪರ್ಸನಲ್ ಮೆಸೇಜ್ ಹಾಕಿ, ಮಾತಾಡೋಣ. ಟ್ರೈನಿಗೂ ಹೋಗಿ, ಅದೂ ಬೇಕು.

ಪ್ರಶ್ನೆ (ಅದೇ ತಾಯಿ):
ಹಾಕ್ತೀನಿ ಮೇಡಂ. ಕೊನೇದು, ಟ್ರೈನಲ್ಲಿ ಪಕ್ಕದೋರು ಕೊಡಿ ಸ್ವಲ್ಪ ಎತ್ಕೊತೀನಿ ಅಂದ್ರೆ ಹೆಂಗೆ ಬೇಡ ಅನ್ನೋದು? ಬೇಜಾರಾಗಲ್ವಾ ಅವ್ರಿಗೆ?

ಡಾಕ್ಟರ್ ಉತ್ತರ:
ಡಾಕ್ಟ್ರು ಬೈತಾರೆ ಅಂದ್ಬಿಡಿ, ಬೇಜಾರು ನನ್ ಮೇಲೆ ಮಾಡ್ಕೊಳ್ಳಿ. ಎದೆಗೆ ಕಟ್ಕೊಳ್ಳೋ ಕ್ಯಾರಿಯರ್‌ ಇದ್ರೆ ಕಿಟಕಿ ಪಕ್ಕ ಅದರಲ್ಲೇ ಹಾಕ್ಕೊಂಡು ಕೂತ್ಕೊಳ್ಳಿ, ಕಟ್ಟಿರೋ ಮಗುನ ಯಾರೂ ಬಿಚ್ಚಿಕೊಡಿ ಅನ್ನಲ್ಲ. ಮಗು ಮುಖ ನಿಮ್ ಎದೆ ಕಡೆಗಿರ್ಲಿ, ಗದ್ದ ಎದೆಗೆ ಒತ್ಕೊಂಡಿರ್ಬಾರ್ದು, ಮೂಗು ನಿಮಗೆ ಕಾಣ್ತಿರ್ಬೇಕು.