ಬದನೇಕಾಯಿ ಬಣ್ಣದ ಸೀರೆ ನೀಲಿಯಾಗಿ ಬರುತ್ತಿದೆ, ಕಲರ್ ಚಾರ್ಟ್ ಇಟ್ಟರೂ ಸರಿಹೋಗುತ್ತಿಲ್ಲ

ಅಂಚುಸೆರಗು:
ಆನ್‌ಲೈನ್ ಮಾರಾಟಕ್ಕೆ ರೇಷ್ಮೆ ಸೀರೆಗಳ ಫೋಟೊ ತೆಗೆಯುವ ಕೆಲಸ. ಬಣ್ಣ ಹೋಲಿಸಲು 24 ಚೌಕಗಳ ಚಾರ್ಟ್, ಅಂದರೆ ಕಲರ್‌ಚೆಕರ್, ಇದೆ. ಎರಡು ಎಲ್‌ಇಡಿ ಪ್ಯಾನೆಲ್, ಡಬ್ಬದ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ, ಗರಿಷ್ಠ 100) 95 ಅಂತಿದೆ. ಎಡಗಡೆ ಕಿಟಕಿ, ಅದಕ್ಕೆ ತೆಳು ಪರದೆ. ಐಎಸ್‌ಒ 400, ಎಫ್ 5.6, 1/60, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್). ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಚಾರ್ಟ್‌ನ ಬಿಳಿ ಚೌಕದ ಮೇಲೆ ಡ್ರಾಪರ್ ಒತ್ತಿ ವೈಟ್ ಬ್ಯಾಲೆನ್ಸ್ ಮಾಡಿ (ಬೆಳಕಿನ ಛಾಯೆ ತೆಗೆದು), ಚಾರ್ಟ್‌ನಿಂದ ಪ್ರೊಫೈಲ್ (ಕ್ಯಾಮೆರಾದ ಬಣ್ಣ ತಿದ್ದುವ ಫೈಲ್) ಕೂಡ ಮಾಡಿದ್ದೇನೆ.

ಚಾರ್ಟ್‌ನ ಚೌಕಗಳೆಲ್ಲ ಸರಿಯಾಗಿ ಕಾಣುತ್ತವೆ. ಅರಿಶಿನ, ಕುಂಕುಮ, ಗಿಳಿಹಸಿರು ಸೀರೆಗಳಲ್ಲಿ ತೊಂದರೆಯಿಲ್ಲ. ಆದರೆ ಬದನೇಕಾಯಿ ಬಣ್ಣ ಶಾಯಿ ನೀಲಿಯಾಗುತ್ತದೆ. ಕಪ್ಪು ಅಂಚು ಕಂದು ಹೊಡೆಯುತ್ತದೆ. ನವಿಲು ಬಣ್ಣದ ಸೀರೆಯಂತೂ ಒಂದೊಂದು ಫೋಟೊದಲ್ಲಿ ಒಂದೊಂದು ಥರ. "ಫೋಟೊದಲ್ಲಿದ್ದ ಸೀರೆ ಇದಲ್ಲ" ಎಂದು ವಾಪಸ್ ಬರುವುದು ಇವೇ ಮೂರು. ಚಾರ್ಟ್ ಹಾಳಾಗಿದೆಯೇ, ನನ್ನ ಕ್ರಮ ತಪ್ಪೇ? ಲ್ಯಾಪ್‌ಟಾಪ್ ಪರದೆಯನ್ನು ಕ್ಯಾಲಿಬ್ರೇಟ್ ಮಾಡಿಲ್ಲ (ಅದರ ಬಣ್ಣ ಅಳೆದು ಹೊಂದಿಸಿಲ್ಲ).

ಬೂದುಚೌಕ:
ಚಾರ್ಟ್ ಹಾಳಾಗಿಲ್ಲ. ಉಳಿದ ಬಣ್ಣಗಳು ಸರಿ ಬರುತ್ತಿರುವುದೇ ಅದಕ್ಕೆ ಸಾಕ್ಷಿ. ಮೊದಲು ಬೆಳಕು ನೋಡೋಣ.

ಕಿಟಕಿ ಮತ್ತು ಎಲ್‌ಇಡಿ ಎರಡನ್ನೂ ಒಟ್ಟಿಗೆ ಬಳಸಬೇಡಿ. ಸೀರೆಯ ಎಡಭಾಗಕ್ಕೆ ಹಗಲ ಬೆಳಕು, ಬಲಭಾಗಕ್ಕೆ ಎಲ್‌ಇಡಿ ಬಿದ್ದರೆ, ಚಾರ್ಟ್ ಇಟ್ಟ ಜಾಗಕ್ಕೆ ಮಾತ್ರ ಪ್ರೊಫೈಲ್ ಸರಿ, ಅರ್ಧ ಮೀಟರ್ ಆಚೆ ತಪ್ಪು. ಮೋಡ ಸರಿದರೆ ಅದೂ ಕೆಟ್ಟಿತು. ದಪ್ಪ ಕಪ್ಪು ಬಟ್ಟೆಯಿಂದ ಕಿಟಕಿ ಮುಚ್ಚಿ.

ಇನ್ನು ಡಬ್ಬದ ಮೇಲಿನ 95. ಸಿಆರ್‌ಐ ಎನ್ನುವುದು ಮೊದಲ 8 ಮಾದರಿ ಬಣ್ಣಗಳ ಸರಾಸರಿ, ಅವೆಲ್ಲ ಮಂದ ಬಣ್ಣಗಳು. ಗಾಢ ಕೆಂಪಿನ ಮಾದರಿ ಆರ್9 ಆ ಲೆಕ್ಕದಲ್ಲಿ ಸೇರಿಯೇ ಇಲ್ಲ. ಬದನೇಕಾಯಿ ಬಣ್ಣದ ದಾರ ನೀಲಿಯನ್ನೂ ಕಡುಗೆಂಪನ್ನೂ ಪ್ರತಿಫಲಿಸುತ್ತದೆ, ನಡುವಿನದನ್ನು ನುಂಗುತ್ತದೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೋಮೀಟರ್ ಹತ್ತಿರ ನೀಲಿಯ ದೊಡ್ಡ ಉಬ್ಬು ಇರುತ್ತದೆ, 650 ದಾಟಿದ ಮೇಲೆ ಬೆಳಕೇ ಕಡಿಮೆ. ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ತಡೆ ಫಿಲ್ಟರ್ ಉಳಿದ ಕಡುಗೆಂಪಿನಲ್ಲೂ ಒಂದಷ್ಟು ಕತ್ತರಿಸುತ್ತದೆ. ಕೆಂಪಿನ ಪಾಲು ಸೆನ್ಸರ್‌ಗೆ ತಲುಪದಿದ್ದರೆ ನೀಲಿಯೊಂದೇ ಉಳಿಯುತ್ತದೆ. ದಾಖಲಾಗದ ಬೆಳಕನ್ನು ಯಾವ ಪ್ರೊಫೈಲೂ ತಂದುಕೊಡಲಾರದು.

ಎಲ್‌ಇಡಿ ಬಿಟ್ಟು ಫ್ಲ್ಯಾಶ್‌ಗೆ ಬನ್ನಿ. ಝೆನಾನ್ ಫ್ಲ್ಯಾಶ್‌ನ ಬೆಳಕಿನಲ್ಲಿ ನೇರಳೆಯಿಂದ ಕಡುಗೆಂಪಿನವರೆಗೆ ಎಲ್ಲೂ ದೊಡ್ಡ ಹಳ್ಳವಿಲ್ಲ, ಬಣ್ಣದ ವಿಷಯದಲ್ಲಿ ಸಾಧಾರಣ ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಹಾಕುವ ಚಿಕ್ಕ ಫ್ಲ್ಯಾಶ್) ಕೂಡ ಅಗ್ಗದ ಎಲ್‌ಇಡಿಗಿಂತ ಮೇಲು. ಎರಡು ಸಾಫ್ಟ್‌ಬಾಕ್ಸ್ (ಫ್ಲ್ಯಾಶ್‌ನ ಬೆಳಕನ್ನು ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ), ಎರಡೂ ಕಡೆಯಿಂದ 45 ಡಿಗ್ರಿ ಕೋನದಲ್ಲಿ. ಐಎಸ್‌ಒ 100, ಎಫ್ 8, 1/125. ಅದೇ ಸೆಟ್ಟಿಂಗ್‌ನಲ್ಲಿ ಫ್ಲ್ಯಾಶ್ ಆರಿಸಿ ಒಂದು ಫೋಟೊ ತೆಗೆಯಿರಿ. ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಕೋಣೆಯ ಟ್ಯೂಬ್‌ಲೈಟ್ ಒಳಗೆ ನುಗ್ಗುತ್ತಿದೆ ಎಂದರ್ಥ.

ಬೆಳಕಿಂಡಿ:
ಬೆಳಕಿನ ವಿಷಯಕ್ಕೆ ನನ್ನದೂ ಒಪ್ಪಿಗೆ. ಚಾರ್ಟ್ ಬಳಸುವ ಕ್ರಮದಲ್ಲೂ ತಿದ್ದುವುದಿದೆ.

ವೈಟ್ ಬ್ಯಾಲೆನ್ಸ್‌ಗೆ ಬಿಳಿ ಚೌಕ ಬೇಡ, ಅದರ ಪಕ್ಕದ ತಿಳಿ ಬೂದು ಚೌಕ ಒತ್ತಿ. ಬಿಳಿಯಲ್ಲಿ ಕೆಂಪು (ಆರ್), ಹಸಿರು (ಜಿ), ನೀಲಿ (ಬಿ) ಚಾನೆಲ್‌ಗಳಲ್ಲಿ ಒಂದು ತುಂಬಿಹೋಗಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಲೆಕ್ಕ ಮಾತ್ರ ಓರೆಯಾಗುತ್ತದೆ. ಕೊನೆಯ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗಿನ ಆರು ಚೌಕಗಳ ಎಸ್‌ಆರ್‌ಜಿಬಿ (ಪರದೆ ಮತ್ತು ಜಾಲತಾಣಗಳಲ್ಲಿ ಬಳಸುವ ಸಾಮಾನ್ಯ ಬಣ್ಣದ ಮಾನಕ) ಮೌಲ್ಯ ಸುಮಾರು 243, 200, 160, 121, 85, 52. ಲೈಟ್‌ರೂಮ್ ಪ್ರೊಫೈಲ್‌ನೊಳಗೆ ಬೆಳಕು-ಕತ್ತಲೆಯನ್ನು ಬದಲಿಸುವ ಟೋನ್ ಕರ್ವ್ ಇರುವುದರಿಂದ ಈ ಅಂಕಿಗಳೇ ಬರಲಿ ಎಂದು ಹಟ ಹಿಡಿಯಬೇಡಿ. ಪ್ರತಿ ಬೂದು ಚೌಕದಲ್ಲೂ ಆರ್, ಜಿ, ಬಿ ಮೂರೂ ಒಂದಕ್ಕೊಂದು ಸಮನಾಗಿರಬೇಕು, ಅದು ಮುಖ್ಯ. ತಿಳಿಬೂದು ಸಮನಾಗಿದ್ದು ಕಡುಬೂದು ಕೆಂಪಿಗೋ ನೀಲಿಗೋ ವಾಲಿದರೆ, ಚಾರ್ಟ್ ಮೇಲೆ ಹೊಳಪು ಬಿದ್ದಿದೆ ಅಥವಾ ಪಕ್ಕದ ಸೀರೆಯ ಬಣ್ಣ ಎರಚಿದೆ. ಕುಂಕುಮ ಬಣ್ಣದ ಸೀರೆಯ ಮಡಿಲಲ್ಲಿ ಚಾರ್ಟ್ ಇಟ್ಟರೆ ಹೀಗೇ ಆಗುವುದು. ಸೀರೆ ಹಾಕುವ ಜಾಗದಲ್ಲೇ, ಅದೇ ಸಮತಲದಲ್ಲಿ, ಹಿಂದೆ ಬೂದು ಅಥವಾ ಕಪ್ಪು ಬಟ್ಟೆ ಹಾಕಿ ಚಾರ್ಟನ್ನು ಒಂಟಿಯಾಗಿ ತೆಗೆಯಿರಿ. ಆಮೇಲೆ ಅದನ್ನು ನಾಲ್ಕು ಮೂಲೆಗಳಿಗೂ ಸರಿಸಿ ತೆಗೆದು, ತಿಳಿಬೂದಿನ ಅಂಕಿ ಹೋಲಿಸಿ ನೋಡಿ. ಮೂಲೆ ಮೂಲೆಗೆ ವ್ಯತ್ಯಾಸ ಕಂಡರೆ ಸಾಫ್ಟ್‌ಬಾಕ್ಸ್‌ಗಳನ್ನು ಹಿಂದಕ್ಕೆ ಸರಿಸಿ.

ಚಾರ್ಟ್ ಬದಲು ಎ4 ಹಾಳೆ ಬಳಸುವವರಿಗೂ ಒಂದು ಮಾತು: ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ. ಅದು ಅತಿನೇರಳೆ ಕಿರಣ ಹೀರಿ ನೀಲಿ ಸೂಸುತ್ತದೆ. ಅದರ ಮೇಲೆ ಡ್ರಾಪರ್ ಒತ್ತಿದರೆ ಫೋಟೊ ಹಳದಿಗೆ ವಾಲುತ್ತದೆ.

ಪ್ರೊಫೈಲ್ ಹಳೆಯ ಬೆಳಕಿಗೆ ಮಾಡಿದ್ದು, ಫ್ಲ್ಯಾಶ್‌ಗೆ ಹೊಸದು ಮಾಡಿ. ಹಿಸ್ಟೋಗ್ರಾಮ್ (ಫೋಟೊದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ತಾಗದಂತೆ ಚಾರ್ಟ್ ತೆಗೆದು, ಲೈಟ್‌ರೂಮ್‌ನ ಎಕ್ಸ್‌ಪೋರ್ಟ್‌ನಲ್ಲಿ ಕಲರ್‌ಚೆಕರ್ ಪ್ರಿಸೆಟ್ ಆರಿಸಿ, ಕ್ಯಾಮೆರಾ ಮತ್ತು ಬೆಳಕು ಎರಡನ್ನೂ ಹೆಸರಿನಲ್ಲಿ ಬರೆದು ಉಳಿಸಿ. ಲೈಟ್‌ರೂಮ್ ಮುಚ್ಚಿ ಮತ್ತೆ ತೆರೆದರೆ ಮಾತ್ರ ಅದು ಪಟ್ಟಿಯಲ್ಲಿ ಕಾಣುತ್ತದೆ. ಈ ಡಿಸಿಪಿ ಪ್ರೊಫೈಲ್ ರಾ ಫೈಲ್‌ಗೆ ಮಾತ್ರ, ಜೆಪೆಗ್‌ಗೆ ಅನ್ವಯವಾಗುವುದಿಲ್ಲ.

ಲೈಟ್‌ರೂಮ್ ಬದಲು ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಬಳಸುವವರಿಗೆ ಪ್ರೊಫೈಲ್ ಮಾಡಲು ಬೇರೆ ಸಾಫ್ಟ್‌ವೇರೇ ಬೇಡ. ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಕ್ಯಾಮೆರಾ ರೆಫರೆನ್ಸ್‌ಗೆ ಇಟ್ಟು, ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನಲ್ಲಿ ಚಾರ್ಟ್‌ನ ಭಾಗ ತೆರೆದು, ಜಾಲರಿಯ ಮೂಲೆಗಳನ್ನು ಚಾರ್ಟ್‌ಗೆ ಹೊಂದಿಸಿದರೆ ಸರಾಸರಿ ಮತ್ತು ಗರಿಷ್ಠ ಡೆಲ್ಟಾ ಇ (ನಿಜವಾದ ಬಣ್ಣಕ್ಕೂ ಫೋಟೊದ ಬಣ್ಣಕ್ಕೂ ಇರುವ ಅಂತರ) ತೋರಿಸುತ್ತದೆ. ಚಾರ್ಟ್ 2014ಕ್ಕೆ ಮೊದಲಿನದೋ ನಂತರದ್ದೋ ಸರಿಯಾಗಿ ಆರಿಸಿ, ಆ ವರ್ಷ ಚೌಕಗಳ ಬಣ್ಣ ಸ್ವಲ್ಪ ಬದಲಾಗಿದೆ.

ಹಾಸುಹೊಕ್ಕು:
ಬಟ್ಟೆಯ ಕಡೆಯಿಂದ ನೋಡಿದರೆ ನಿಮ್ಮ ಮೂರು ಸೀರೆಗಳದು ಮೂರು ಬೇರೆ ಬೇರೆ ರೋಗ. ಒಂದೇ ಮದ್ದು ನಾಟುವುದಿಲ್ಲ.

ಬದನೇಕಾಯಿ: ಬೆಳಕು ಸರಿಮಾಡಿದರೂ ಸ್ವಲ್ಪ ನೀಲಿ ಉಳಿಯಬಹುದು. ನಮ್ಮ ಕಣ್ಣಿನಲ್ಲಿ ಕೆಂಪು ಎಂಬ ಸಂವೇದನೆ ಅತ್ತ ನೇರಳೆಯ ತುದಿಯಲ್ಲೂ ಸ್ವಲ್ಪ ಎದ್ದಿರುತ್ತದೆ. ಕ್ಯಾಮೆರಾದ ಕೆಂಪು ಫಿಲ್ಟರ್ ಅದನ್ನು ಸಾಮಾನ್ಯವಾಗಿ ಹಾಗೇ ಅನುಸರಿಸುವುದಿಲ್ಲ. ಚಾರ್ಟ್‌ನ ನೇರಳೆ ಚೌಕವೂ ರೇಷ್ಮೆಯಷ್ಟು ಗಾಢವಲ್ಲ, ಹಾಗಾಗಿ ಪ್ರೊಫೈಲ್‌ಗೆ ಆ ತುದಿಯ ಅಳತೆಯೇ ಸಿಕ್ಕಿರುವುದಿಲ್ಲ. ಇಲ್ಲಿ ಕೈಯಲ್ಲೇ ತಿದ್ದಬೇಕು: ಲೈಟ್‌ರೂಮ್‌ನ ಪಾಯಿಂಟ್ ಕಲರ್‌ನಲ್ಲಿ (ಆರಿಸಿದ ಒಂದೇ ಬಣ್ಣವನ್ನು ತಿದ್ದುವ ಸಾಧನ) ಸೀರೆಯ ಒಡಲಿನ ಮೇಲೆ ಒತ್ತಿ, ಹ್ಯೂ (ವರ್ಣ) ಮಾತ್ರ ಕೆನ್ನೇರಳೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸಿ. ವೈಟ್ ಬ್ಯಾಲೆನ್ಸ್ ಮುಟ್ಟಬೇಡಿ, ಜರಿಯ ಬಣ್ಣ ಹೋಗುತ್ತದೆ. ಆ ತಿದ್ದುಪಡಿಯನ್ನು ಪ್ರಿಸೆಟ್ ಮಾಡಿಟ್ಟುಕೊಂಡು ಅದೇ ದಾರದ ಸೀರೆಗಳಿಗೆ ಮಾತ್ರ ಬಳಸಿ.

ಕಪ್ಪು ಅಂಚು: ಕೆಲವು ಕಪ್ಪು ಬಣ್ಣಗಳು, ಅದರಲ್ಲೂ ಕೃತಕ ದಾರಕ್ಕೆ ಹಾಕಿದವು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡನ್ನು ಚೆನ್ನಾಗಿ ಪ್ರತಿಫಲಿಸುತ್ತವೆ. ಫಿಲ್ಟರ್ ದಾಟಿ ಒಂದಿಷ್ಟು ಸೆನ್ಸರ್‌ಗೆ ಬಿದ್ದರೆ ಕಪ್ಪು ಕಂದಾಗುತ್ತದೆ. ಫ್ಲ್ಯಾಶ್‌ನಲ್ಲಿ ಇನ್‌ಫ್ರಾರೆಡ್ ಹೆಚ್ಚು, ಆದ್ದರಿಂದ ಇದೊಂದು ಇನ್ನಷ್ಟು ಎದ್ದು ಕಾಣಬಹುದು. ಅಂಚಿಗೆ ಮಾಸ್ಕ್ ಹಾಕಿ (ಅಷ್ಟು ಭಾಗವನ್ನು ಮಾತ್ರ ಆಯ್ದು) ಸ್ಯಾಚುರೇಷನ್ (ಬಣ್ಣದ ಗಾಢತೆ) ಇಳಿಸಿದರೆ ಸಾಕು. ಮಾಸ್ಕ್ ಜರಿಯ ಗೆರೆಗೆ ತಾಗದಿರಲಿ.

ನವಿಲು ಬಣ್ಣ: ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಆ ಸೀರೆಗೆ ಒಂದೇ ಬಣ್ಣ ಎಂಬುದೇ ಇಲ್ಲ, ಬೆಳಕು ಯಾವ ದಾರದ ಉದ್ದಕ್ಕೆ ಹರಿಯುತ್ತದೋ ಅದರ ಮೇಲೆ ಹೋಗುತ್ತದೆ. ಎಲ್ಲ ಫೋಟೊದಲ್ಲೂ ಸೀರೆಯ ದಿಕ್ಕು ಒಂದೇ ಇರಲಿ, ಸೆರಗು ಯಾವಾಗಲೂ ಒಂದೇ ಕಡೆಗೆ. ಸಪಾಟಾಗಿ ಹಾಸಿ ಒಂದು, ನೆರಿಗೆ ಹಿಡಿದು ಎರಡೂ ಬಣ್ಣ ಕಾಣುವಂತೆ ಇನ್ನೊಂದು ತೆಗೆದು, ವಿವರಣೆಯಲ್ಲಿ ಎರಡೂ ಬಣ್ಣದ ಹೆಸರು ಬರೆಯಿರಿ. ಸೀರೆ ನೋಡದೆ ಕೊಳ್ಳುವವರಿಗೆ ಅದು ತಿಳಿಯಲೇಬೇಕಾದ ವಿಷಯ.

ಲೈಟಿಗೂ ಲೆನ್ಸಿಗೂ ಪೋಲರೈಸರ್ ಹಾಕಿ ಹೊಳಪು ತೆಗೆಯಿರಿ ಎನ್ನುವವರಿದ್ದಾರೆ. ದಾರದ ಬಣ್ಣ ಪರೀಕ್ಷಿಸಲು ಅದು ಒಳ್ಳೆಯದು, ಆದರೆ ಮಾರಾಟದ ಫೋಟೊಗೆ ಬೇಡ. ಹೊಳಪು ಹೋದ ರೇಷ್ಮೆ ಹತ್ತಿಯಂತೆ ಕಾಣುತ್ತದೆ. ಹಾಕಿದ್ದೇ ಆದರೆ ಚಾರ್ಟನ್ನೂ ಅದೇ ಪೋಲರೈಸರ್ ಮೂಲಕವೇ ತೆಗೆಯಿರಿ, ಅದಕ್ಕೂ ಅದರದೇ ಛಾಯೆ ಇರುತ್ತದೆ.

ಬೆಳಕಿಂಡಿ:
ಹ್ಯೂ ಕೈಯಲ್ಲಿ ತಿದ್ದುವ ಮಾತು ಬಂದಿದ್ದರಿಂದ ಪರದೆಯ ವಿಷಯ ಹೇಳಲೇಬೇಕು. ಕ್ಯಾಲಿಬ್ರೇಟ್ ಆಗದ ಪರದೆ ನೋಡಿ ತಿದ್ದಿದರೆ, ಪರದೆಯ ತಪ್ಪನ್ನು ಫೋಟೊದೊಳಗೆ ಬರೆದಂತೆ. ಅಳೆಯುವ ಸಾಧನವೊಂದನ್ನು ಬಾಡಿಗೆಗಾದರೂ ತನ್ನಿ. ಪರದೆಯನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಬಿಳಿಯನ್ನು ಡಿ65ಕ್ಕೆ (ಹಗಲ ಬೆಳಕಿನ ಮಾನಕ ಬಿಳಿ), ಗಾಮಾ (ನಡುವಿನ ಛಾಯೆಗಳ ಹೊಳಪಿನ ಅಳತೆ) 2.2ಕ್ಕೆ, ಹೊಳಪು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾಗೆ ಹೊಂದಿಸಿ. ಲ್ಯಾಪ್‌ಟಾಪ್‌ನ ನೈಟ್ ಲೈಟ್ ಮತ್ತು ತಾನೇ ಹೊಳಪು ಬದಲಿಸುವ ಸೌಲಭ್ಯ ಎರಡನ್ನೂ ಆರಿಸಿ. ಹೋಲಿಸುವಾಗ ಸೀರೆಯನ್ನು ಕಿಟಕಿಯ ನೆರಳು ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗಲ್ಲ.

ಎಕ್ಸ್‌ಪೋರ್ಟ್ ಯಾವಾಗಲೂ ಎಸ್‌ಆರ್‌ಜಿಬಿ. ಜಾಲತಾಣ ಪ್ರೊಫೈಲನ್ನು ಕಿತ್ತುಹಾಕಿದರೂ ಬಹುತೇಕ ಬ್ರೌಸರ್‌ಗಳು ಅದನ್ನು ಎಸ್‌ಆರ್‌ಜಿಬಿ ಎಂದೇ ಓದುತ್ತವೆ. ಇನ್ನೂ ವಿಶಾಲವಾದ ಅಡೋಬ್ ಆರ್‌ಜಿಬಿ ಮಾನಕದಲ್ಲಿ ಕಳಿಸಿ ಪ್ರೊಫೈಲ್ ಕಿತ್ತುಹೋದರೆ ಸೀರೆ ಮಾಸಲಾಗುತ್ತದೆ. ನವಿಲಿನ ಹಸಿರುನೀಲಿ ಎಸ್‌ಆರ್‌ಜಿಬಿಯ ಎಲ್ಲೆ ದಾಟುವುದುಂಟು. ಸಾಫ್ಟ್ ಪ್ರೂಫ್ (ಎಕ್ಸ್‌ಪೋರ್ಟ್ ಮಾಡಿದ ಮೇಲೆ ಬಣ್ಣ ಹೇಗೆ ಕಾಣುತ್ತದೆ ಎಂದು ಮೊದಲೇ ತೋರಿಸುವ ಸೌಲಭ್ಯ) ಹಾಕಿ, ಎಚ್ಚರಿಕೆ ಬಂದ ಕಡೆ ಸ್ಯಾಚುರೇಷನ್ ಇಳಿಸಿ. ಇಲ್ಲದಿದ್ದರೆ ನೇಯ್ಗೆಯ ಎಳೆ ಅಳಿಸಿ ಬರೀ ಬಣ್ಣದ ತೇಪೆ ಉಳಿಯುತ್ತದೆ.

ಅಂಚುಸೆರಗು:
ಕಿಟಕಿ ಮುಚ್ಚಿ, ಎರಡು ಸ್ಪೀಡ್‌ಲೈಟ್‌ನಲ್ಲಿ ತೆಗೆದೆ. ಬದನೇಕಾಯಿ ಬಹಳ ಹತ್ತಿರ ಬಂತು, ಹ್ಯೂ ಸ್ವಲ್ಪವೇ ಸರಿಸಬೇಕಾಯಿತು. ಕಪ್ಪು ಅಂಚು ನೀವು ಹೇಳಿದಂತೆ ಇನ್ನೂ ಕಂದು, ಮಾಸ್ಕ್ ಹಾಕುತ್ತೇನೆ. ಚಾರ್ಟ್ ಪ್ರತಿ ಸೀರೆಗೂ ತೆಗೆಯಬೇಕೇ?

ಬೂದುಚೌಕ:
ಬೇಡ. ಪ್ರೊಫೈಲ್ ಒಮ್ಮೆ ಮಾಡಿದರೆ ಆ ಕ್ಯಾಮೆರಾ, ಆ ಫ್ಲ್ಯಾಶ್‌ಗೆ ನಡೆಯುತ್ತದೆ. ವೈಟ್ ಬ್ಯಾಲೆನ್ಸ್‌ಗಾಗಿ ಮಾತ್ರ ಪ್ರತಿ ಸಲ ಕೆಲಸ ಶುರು ಮಾಡುವಾಗ ಚಾರ್ಟ್‌ನ ಒಂದು ಫೋಟೊ ತೆಗೆದು, ಅದನ್ನೇ ಉಳಿದವಕ್ಕೆ ಸಿಂಕ್ ಮಾಡಿ. ಫ್ಲ್ಯಾಶ್‌ನ ಪವರ್, ಸಾಫ್ಟ್‌ಬಾಕ್ಸ್‌ನ ಬಟ್ಟೆ, ಲೆನ್ಸ್, ಇವುಗಳಲ್ಲಿ ಯಾವುದು ಬದಲಾದರೂ ಚಾರ್ಟ್ ಮತ್ತೆ ತೆಗೆಯಿರಿ. ಚೌಕಗಳನ್ನು ಬೆರಳಿಂದ ಮುಟ್ಟಬೇಡಿ, ಕೆಲಸ ಮುಗಿದ ಕೂಡಲೇ ಮುಚ್ಚಿಡಿ. ಬಿಸಿಲಿಗೆ ಬಿಟ್ಟರೆ ಬಣ್ಣ ಮಾಸುತ್ತದೆ, ಮಾಸಿದ್ದು ನೋಡಿದರೆ ತಿಳಿಯುವುದಿಲ್ಲ.