ಪ್ರತಿ ವಾರ ಹೊಡೆಯುವ ಔಷಧಿಯ ನಿಜವಾದ ಪರಿಣಾಮವನ್ನು ಅಂದಾಜಿಸುವುದು ಹೇಗೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ):
ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಗಳಲ್ಲಿ ಪ್ರತಿ ವಾರವೂ ಸೈನಿಕ ಹುಳುವಿನ ಹಾನಿಯನ್ನು 0ರಿಂದ 9ರವರೆಗಿನ ಡೇವಿಸ್ ಮಾಪಕದಲ್ಲಿ (ಅಂಕ ಹೆಚ್ಚಿದಷ್ಟೂ ಎಲೆಯ ಹಾನಿ ಹೆಚ್ಚು) ಗುರುತಿಸಿ, ಆ ವಾರ ರೈತರು ಸುಳಿಗೆ ಎಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕ ಹೊಡೆದರೋ ಇಲ್ಲವೋ ಎಂಬುದನ್ನೂ, ಕೊನೆಗೆ ಎಕರೆಗೆ ಬಂದ ಕ್ವಿಂಟಲ್ ಲೆಕ್ಕವನ್ನೂ ಬರೆದಿಟ್ಟುಕೊಂಡಿದ್ದೇನೆ. ಸಿಂಪರಣೆಯ ಸಂಖ್ಯೆಯನ್ನಷ್ಟೇ ಹಾಕಿ ಇಳುವರಿಯ ಮೇಲೆ ರಿಗ್ರೆಷನ್ (ಒಂದರ ಜೊತೆ ಇನ್ನೊಂದು ಎಷ್ಟು ಬದಲಾಗುತ್ತದೆಂಬ ಲೆಕ್ಕ) ಮಾಡಿದರೆ, ಹೆಚ್ಚು ಸಲ ಔಷಧಿ ಕಂಡ ಹೊಲದಲ್ಲೇ ಇಳುವರಿ ಕಡಿಮೆ ಎಂದು ಬರುತ್ತದೆ; ವಾರವಾರದ ಹಾನಿಯ ಅಂಕಗಳನ್ನೂ ಸೇರಿಸಿದರೆ ಔಷಧಿಯ ಪರಿಣಾಮವೇ ಹೆಚ್ಚುಕಡಿಮೆ ಶೂನ್ಯವಾಗುತ್ತದೆ. ಯಾವುದನ್ನು ನಂಬಬೇಕು?

ಉತ್ತರ 1:
ಎರಡನ್ನೂ ನಂಬಬೇಡಿ. ಹುಳು ಹೆಚ್ಚಿದ ಹೊಲಕ್ಕೇ ಔಷಧಿ ಹೆಚ್ಚು ಬೀಳುವುದರಿಂದ ಮೊದಲ ಲೆಕ್ಕದಲ್ಲಿ ಹುಳುವಿನ ತಪ್ಪು ಔಷಧಿಯ ತಲೆಗೆ ಬಂದಿದೆ. ಎರಡನೆಯದರ ತೊಡಕು ಇನ್ನೂ ಆಳವಾದದ್ದು: ಮೂರನೇ ವಾರದ ಹಾನಿಯು ಮುಂದಿನ ಸಿಂಪರಣೆಗೆ ಕಾರಣವಾಗಿರುವಂತೆಯೇ ಹಿಂದಿನ ಸಿಂಪರಣೆಯ ಫಲವೂ ಆಗಿರುವುದರಿಂದ, ಅದನ್ನು ಸ್ಥಿರವಾಗಿ ಹಿಡಿದ ಕೂಡಲೇ ಔಷಧಿಯು ಹಾನಿಯನ್ನು ತಗ್ಗಿಸಿ ಮಾಡಿದ ಉಪಕಾರವನ್ನೇ ಲೆಕ್ಕದಿಂದ ಅಳಿಸಿದಂತಾಗುತ್ತದೆ. ಜೈವಿಕ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ರಾಬಿನ್ಸ್ ಅವರು 1986ರಲ್ಲಿ ಜಿ-ಫಾರ್ಮುಲಾ ಎಂಬ ಲೆಕ್ಕದ ವಿಧಾನವನ್ನು ಮಂಡಿಸಿದ್ದು ಇಂಥ ಸಮಸ್ಯೆಗಾಗಿಯೇ. ಸಿಡಿ4 (ರೋಗನಿರೋಧಕ ಕಣಗಳ) ಎಣಿಕೆಯನ್ನು ನೋಡಿ ಎಚ್‌ಐವಿ ರೋಗಿಗಳಿಗೆ ಜಿಡೋವುಡಿನ್ ಎಂಬ ಔಷಧಿ ಕೊಡುವ ಪ್ರಕರಣವು ಇದರ ಪ್ರಸಿದ್ಧ ಉದಾಹರಣೆ: ಅಲ್ಲಿ ಎಣಿಕೆಯು ಔಷಧಿಗೆ ಕಾರಣವೂ ಹೌದು, ಅದರ ಫಲವೂ ಹೌದು.

ನಿಮಗೆ ಸುಲಭವಾದದ್ದು ತೂಕದ ವಿಧಾನ: ನಿರೀಕ್ಷೆಗಿಂತ ಬೇರೆಯಾಗಿ ನಡೆದ ಹೊಲಕ್ಕೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಡುವುದು. ಹಿಂದಿನ ಹಾನಿ ಹಾಗೂ ಸಿಂಪರಣೆಗಳನ್ನು ಆಧರಿಸಿ ಪ್ರತಿ ವಾರ ಔಷಧಿ ಬೀಳುವ ಸಂಭವನೀಯತೆಯನ್ನು ಲಾಜಿಸ್ಟಿಕ್ ರಿಗ್ರೆಷನ್‌ನಿಂದ (ಹೌದು-ಇಲ್ಲ ಎಂಬ ಫಲಿತಾಂಶಕ್ಕೆ ಬಳಸುವ ರಿಗ್ರೆಷನ್) ಅಂದಾಜಿಸಿ. ನಿಜವಾಗಿ ನಡೆದದ್ದರ ಸಂಭವನೀಯತೆಯಿಂದ 1ನ್ನು ಭಾಗಿಸಿದರೆ ಬರುವುದೇ ತೂಕ. ಸಂಭವನೀಯತೆ 0.8 ಇದ್ದರೂ ಔಷಧಿ ಬೀಳದ ಹೊಲಕ್ಕೆ ಆ ವಾರದ ತೂಕ 1/0.2, ಅಂದರೆ 5. ವಾರಗಳ ತೂಕಗಳನ್ನು ಗುಣಿಸಿ, ಅಂತಿಮ ಮಾದರಿಯಲ್ಲಿ ಹಾನಿಯ ಅಂಕವನ್ನು ಸೇರಿಸದೆ ಸಿಂಪರಣೆಯ ಇತಿಹಾಸವನ್ನು ಮಾತ್ರ ಇಡಿ. ಅಂಕ ಹಾಕಿದ್ದು ಆ ವಾರದ ಸಿಂಪರಣೆಗೆ ಮೊದಲೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಎಲ್ಲವೂ ತಲೆಕೆಳಗು.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಎಂಟು ವಾರಗಳ ತೂಕವನ್ನು ಗುಣಿಸಿದಾಗ ನಾಲ್ಕಾರು ಹೊಲಗಳೇ ಇಡೀ ಫಲಿತಾಂಶವನ್ನು ಎಳೆದಾಡಬಹುದು. ಹಾನಿಯ ಅಂಕವನ್ನು ಬಿಟ್ಟು ಹಿಂದಿನ ಸಿಂಪರಣೆಯೊಂದನ್ನೇ ಆಧರಿಸಿದ ಸಂಭವನೀಯತೆಯನ್ನು ತೂಕದ ಭಿನ್ನರಾಶಿಯ ಮೇಲ್ಭಾಗದಲ್ಲಿ, 1ರ ಬದಲಿಗೆ ಇಟ್ಟರೆ ತೂಕಗಳು ಹತೋಟಿಗೆ ಬರುತ್ತವೆ. ಅಂಕ 7 ದಾಟಿದ ಮೇಲೂ ಕೈಕಟ್ಟಿ ಕುಳಿತ ರೈತರೇ ಇಲ್ಲದಿದ್ದರೆ, ‘ಒಮ್ಮೆಯೂ ಹೊಡೆಯದಿದ್ದರೆ ಏನಾಗುತ್ತಿತ್ತು’ ಎಂಬುದಕ್ಕೆ ನಿಮ್ಮ ದತ್ತಾಂಶದಲ್ಲಿ ಉತ್ತರವೇ ಇರುವುದಿಲ್ಲ. ಆದ್ದರಿಂದ ‘ಅಂಕ 2 ದಾಟಿದರೆ ಹೊಡೆಯುವುದು’ ಮತ್ತು ‘ಅಂಕ 4 ದಾಟಿದರೆ ಹೊಡೆಯುವುದು’ ಎಂಬ ಎರಡು ನಿಯಮಗಳನ್ನು ಹೋಲಿಸಿ. ರೈತರೂ ಕೇಳುವುದು ಯಾವಾಗ ಹೊಡೆಯಬೇಕೆಂದೇ ಹೊರತು ಒಟ್ಟು ಎಷ್ಟು ಸಲವೆಂದಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಂಕ ಹೆಚ್ಚಿದ್ದರೂ ಹೊಡೆಯದ ಹೊಲಗಳು ಕೆಲವಿವೆ. ಕೆಲವರಿಗೆ ಮಳೆ ಬಿಡುವು ಕೊಡಲಿಲ್ಲ, ಕೆಲವರಿಗೆ ಕೂಲಿಯಾಳು ಸಿಗಲಿಲ್ಲ. ಇವನ್ನು ಆಕಸ್ಮಿಕವೆಂದು ಬಿಡಬಹುದೇ?

ಉತ್ತರ 2:
ಬಿಡುವಂತಿಲ್ಲ. ಜೋರು ಮಳೆಯು ಸುಳಿಯಲ್ಲಿನ ಎಳೆ ಮರಿಹುಳುಗಳನ್ನು ತಾನೇ ಕೊಲ್ಲುತ್ತದೆ, ಇಳುವರಿಯನ್ನೂ ಬದಲಿಸುತ್ತದೆ. ಆಳು ಸಿಗದ ಹೊಲದಲ್ಲಿ ಕಳೆಯೂ ಉಳಿದಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವುದರಿಂದ ಮಳೆಯ ಅಂಕಿಗಳನ್ನು ಅಲ್ಲಿಂದ ಪಡೆದು ತೂಕದ ಮಾದರಿಗೆ ಸೇರಿಸಿ. ಕಳೆ ತೆಗೆಸಿದ ದಿನಾಂಕಗಳನ್ನು ಮಾತ್ರ ರೈತರನ್ನೇ ಕೇಳಬೇಕಾಗುತ್ತದೆ.