ಪದಚರ್ಚೆ: ಖರ್ಚಿನ ಲೆಕ್ಕದ ಜಾಲತಾಣದಲ್ಲಿ ‘ಬಾಕಿ’ ಎಂದರೆ ಯಾವ ಬಾಕಿ?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಹಾಸ್ಟೆಲ್, ಪಿ.ಜಿ.ಗಳಲ್ಲಿದ್ದುಕೊಂಡು ಓದುವವರಿಗಾಗಿ ಖರ್ಚಿನ ಲೆಕ್ಕ ಇಡುವ ಸಣ್ಣ ಜಾಲತಾಣವೊಂದು ತಯಾರಾಗುತ್ತಿದೆ. ಇರುವುದು ಮೂರೇ ಪುಟ: ಖರ್ಚು ಬರೆಯುವುದು, ತಿಂಗಳ ಪಟ್ಟಿ, ಗೆಳೆಯರೊಡನೆ ಕೊಟ್ಟು ತೆಗೆದುಕೊಂಡದ್ದರ ಲೆಕ್ಕ. ಕೈಯಲ್ಲಿ ಉಳಿದ ದುಡ್ಡಿಗೂ ಗೆಳೆಯನಿಗೆ ಕೊಡಬೇಕಾದ ದುಡ್ಡಿಗೂ ‘ಬಾಕಿ’ ಎಂದೇ ಹಾಕಿದ್ದೇವೆ. ‘ಬಾಕಿ ₹340’ ಎಂದು ಕಂಡರೆ ಬಳಸುವವರು ತಡವರಿಸುತ್ತಾರೆ. ಬದಲಿಗೆ ಏನು ಹಾಕಬಹುದು? ‘ಆದಾಯ’, ‘ಮುಂಗಡ’ ಇವೆರಡೂ ಸರಿಯೇ? ಅಂಕಿಗಳು ಕನ್ನಡದಲ್ಲೇ ಇರಲೇ?

*

ನಮಸ್ಕಾರ.

ಅವರು ತಡವರಿಸುವುದು ಸಹಜ. ‘ಬಾಕಿ’ ಅರಬ್ಬಿಯಿಂದ ಬಂದ ಪದ, ಮೂಲದ ಅರ್ಥ ‘ಉಳಿದದ್ದು’. ನಮ್ಮಲ್ಲಿ ಅದು ಎಲ್ಲ ದಿಕ್ಕಿಗೂ ಓಡಾಡುತ್ತದೆ. ‘ಮೆಸ್ ಬಿಲ್ ಬಾಕಿ ಇದೆ’ ಎಂದರೆ ನಾವು ಕೊಡಬೇಕು. ‘ಅವನಿಂದ ಬಾಕಿ ಬಂದಿಲ್ಲ’ ಎಂದರೆ ನಮಗೆ ಬರಬೇಕು. ದೇವರಾಜ ಮಾರುಕಟ್ಟೆಯಲ್ಲಿ ನೂರರ ನೋಟು ಚಾಚಿ ‘ಬಾಕಿ ಕೊಡಿ’ ಎಂದರೆ ಚಿಲ್ಲರೆ. ಮಾತಿನಲ್ಲಿ ಎದುರಿಗೆ ಮನುಷ್ಯ ಇರುತ್ತಾನೆ, ಗೊಂದಲವಾಗುವುದಿಲ್ಲ. ಫೋನಿನ ತೆರೆಯಲ್ಲಿ ಒಂದು ಪದ, ಪಕ್ಕದಲ್ಲಿ ಒಂದು ಮೊತ್ತ, ಅಷ್ಟೇ.

ಕೈಯಲ್ಲಿ ಉಳಿದ ಹಣಕ್ಕೆ ಲೆಕ್ಕದ ಪುಸ್ತಕದಲ್ಲಿರುವ ‘ಶಿಲ್ಕು’ ಬಹಳ ಖಚಿತವಾದ ಪದ. ಆರಂಭದ ಶಿಲ್ಕು, ಅಖೈರು (ಕೊನೆಯ) ಶಿಲ್ಕು ಎಂದರೆ ಲೆಕ್ಕ ಬರೆಯುವವರಿಗೆ ಎರಡನೇ ಅರ್ಥವೇ ಹೊಳೆಯದು. ಆದರೆ ಪದವಿ ಓದುವ ಹುಡುಗ ಹುಡುಗಿಯರು ಅದರ ಅರ್ಥ ಕೇಳಬೇಕಾಗುತ್ತದೆ, ಹಾಗಾಗಿ ನನಗದು ಇಲ್ಲಿ ಬೇಡ. ನಾಮಪದದ ಗೊಡವೆಯೇ ಬಿಟ್ಟು ಹೀಗೆ ಹಾಕಿ: ‘ಕೈಯಲ್ಲಿರುವುದು’, ‘ನಾನು ಕೊಡಬೇಕು’, ‘ನನಗೆ ಬರಬೇಕು’. ಜಾಗ ಉಳಿಸಲು ‘ನಾನು’, ‘ನನಗೆ’ ತೆಗೆಯಬೇಡಿ. ಬರೀ ‘ಕೊಡಬೇಕು’ ಎಂದಿದ್ದರೆ ಕೊಡಬೇಕಾದವರು ಯಾರೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮೊತ್ತದ ಹಿಂದೆ ಮೈನಸ್ ಗುರುತು ಹಾಕಿ ಸಾಲ ತೋರಿಸುವುದೂ ಬೇಡ. ಆ ಪುಟದ ತಲೆಬರಹಕ್ಕೆ ‘ಸಾಲ’ಕ್ಕಿಂತ ‘ಕೈಗಡ’ ಒಳ್ಳೆಯದು: ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ನಾಲ್ಕು ದಿನಕ್ಕೆಂದು ಇಸ್ಕೊಂಡದ್ದು ಎಂಬ ಅರ್ಥ ಅದರಲ್ಲೇ ಇದೆ.

ಒಂದು ಖರ್ಚನ್ನು ಹಲವರಿಗೆ ಹಂಚುವ ಕಡೆ ‘ಪಾಲು’ ಸಾಕು. ಹಣವನ್ನು ಮಾತ್ರ ಪೈಸೆಯ ಲೆಕ್ಕದಲ್ಲಿ, ಪೂರ್ಣಾಂಕವಾಗಿ ಉಳಿಸಿ. ₹500 ಮೂವರಿಗೆ ಎಂದರೆ 50,000 ಪೈಸೆ. ತಲಾ 16,666, ಮಿಕ್ಕಿದ್ದು 2 ಪೈಸೆ. ಆ ಎರಡನ್ನು ಮೊದಲಿನ ಇಬ್ಬರಿಗೆ ಒಂದೊಂದಾಗಿ ಸೇರಿಸಿ. ರೂಪಾಯಿಯನ್ನು ದಶಮಾಂಶದಲ್ಲಿ ಇಟ್ಟರೆ ಜಾವಾಸ್ಕ್ರಿಪ್ಟಿನಲ್ಲಿ (ಜಾಲತಾಣಗಳ ಪ್ರೋಗ್ರಾಂ ಬರೆಯುವ ಭಾಷೆ) 0.1ಕ್ಕೆ 0.2 ಕೂಡಿದಾಗ 0.30000000000000004 ಬರುತ್ತದೆ. ಆಮೇಲೆ ಲೆಕ್ಕ ಸರಿಯಾಗಿ ಸೊನ್ನೆಗೆ ಬಾರದೆ, ಎಲ್ಲ ತೀರಿಸಿದವನ ಹೆಸರೂ ‘ಕೊಡಬೇಕು’ ಪಟ್ಟಿಯಿಂದ ಹೋಗುವುದೇ ಇಲ್ಲ.

‘ಆದಾಯ’ ಬೇಡ. ಮನೆಯಿಂದ ಕಳಿಸಿದ ದುಡ್ಡನ್ನು ಯಾರೂ ಆದಾಯ ಎನ್ನುವುದಿಲ್ಲ. ‘ಜಮಾ’ ಪಾಸ್‌ಬುಕ್ಕಿನಿಂದ ಪರಿಚಿತ, ‘ಬಂದದ್ದು’ ಇನ್ನೂ ಸಲೀಸು. ಎಟಿಎಂನಿಂದ ತೆಗೆದದ್ದು ಮಾತ್ರ ಖರ್ಚೂ ಅಲ್ಲ, ಜಮಾವೂ ಅಲ್ಲ. ಅದಕ್ಕೆ ‘ಎಟಿಎಂನಿಂದ ತೆಗೆದದ್ದು’ ಎಂದೇ ಬೇರೆ ಆಯ್ಕೆ ಕೊಡಿ. ಇಲ್ಲವಾದರೆ ತೆಗೆದ ₹1,000 ಒಮ್ಮೆ, ಅದರಲ್ಲೇ ಊಟಕ್ಕೂ ಜೆರಾಕ್ಸಿಗೂ ಕೊಟ್ಟದ್ದು ಇನ್ನೊಮ್ಮೆ, ಹೀಗೆ ಅದೇ ದುಡ್ಡು ತಿಂಗಳ ಮೊತ್ತದಲ್ಲಿ ಎರಡು ಸಲ ಸೇರುತ್ತದೆ.

‘ಮುಂಗಡ’ದಲ್ಲೂ ಇಂಥದ್ದೇ ತೊಡಕು. ಪಿ.ಜಿ.ಗೆ ಕೊಡುವ ‘ಅಡ್ವಾನ್ಸ್’ ಖಾಲಿ ಮಾಡುವಾಗ ವಾಪಸ್ ಬರುವ ಠೇವಣಿ. ಟೈಲರಿಗೆ ಕೊಡುವ ‘ಅಡ್ವಾನ್ಸ್’ ಬಿಲ್ಲಿನಲ್ಲಿ ವಜಾ ಆಗುವ ಮುಂಗಡ. ಮೊದಲನೆಯದು ‘ನನಗೆ ಬರಬೇಕು’ ಪಟ್ಟಿಗೆ, ಎರಡನೆಯದು ಖರ್ಚಿಗೆ. ಆದ್ದರಿಂದ ‘ಪಿ.ಜಿ. ಠೇವಣಿ’ ಎಂದು ಬಿಡಿಸಿ ಬರೆಯಿರಿ.

ಪದಗಳನ್ನು ಮುಂದೆ ಬದಲಿಸಬೇಕಾಗಿ ಬರುವುದು ಖಂಡಿತ, ಅದಕ್ಕೇ ಅವನ್ನು ಡೇಟಾಬೇಸಿನಲ್ಲಿ ಇಡಬೇಡಿ. ಪ್ರತಿ ಬಾಬ್ತಿಗೂ ಒಂದು ಸಂಖ್ಯೆ ಕೊಟ್ಟು ಅದನ್ನಷ್ಟೇ ಉಳಿಸಿ, ಪದ ತೆರೆಯಲ್ಲಿ ಮಾತ್ರ ಕಾಣಲಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ‘ಮೆಸ್’ ಎಂದು ಬೆರಳಚ್ಚಿಸಿದಾಗ ಕೆಲವು ಕೀಲಿಮಣೆಗಳಲ್ಲಿ ಕೊನೆಗೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಸೇರಿಕೊಳ್ಳುತ್ತದೆ. ಅದು ಸೇರಿದ ‘ಮೆಸ್’, ಸೇರದ ‘ಮೆಸ್’ ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಬಾಬ್ತು. ತಿಂಗಳ ಪಟ್ಟಿಯಲ್ಲಿ ‘ಮೆಸ್’ ಎರಡು ಸಾಲಾಗಿ ಒಡೆದು ಕಾಣುವುದು ಇದರಿಂದ.

ಅಂಕಿಗೆ 1, 2, 3 ಸಾಕು. ₹1,25,000 ಎಂದು ಲಕ್ಷದ ಅಲ್ಪವಿರಾಮ ಬಂದರಾಯಿತು. ಆದರೆ ಬರೆಯುವವರು ‘೧೨೦’ ಎಂದು ಹಾಕಿದರೂ ಒಪ್ಪಬೇಕು. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಓದುವುದಿಲ್ಲ, ಮೊದಲು 120 ಮಾಡಿಕೊಳ್ಳಿ.

ಕೊನೆಗೆ ‘ಇವತ್ತು’, ‘ನಿನ್ನೆ’. ದಿನಾಂಕವನ್ನು ಯುಟಿಸಿಗೆ (ಜಗತ್ತಿಗೆಲ್ಲ ಸಾಮಾನ್ಯವಾದ ಪ್ರಮಾಣ ಸಮಯ) ಬದಲಿಸಿ ಉಳಿಸಿದರೆ, ನಮ್ಮ ಸಮಯ ಐದೂವರೆ ಗಂಟೆ ಮುಂದಿರುವುದರಿಂದ, ಬೆಳಗಿನ 5.30ರೊಳಗೆ ಬರೆದದ್ದಕ್ಕೆ ಹಿಂದಿನ ದಿನದ ತಾರೀಖು ಬೀಳುತ್ತದೆ. 1ನೇ ತಾರೀಖು ನಸುಕಿನಲ್ಲಿ ಮಂಡ್ಯಕ್ಕೆ ತೆಗೆದ ಟಿಕೆಟ್ ಕಳೆದ ತಿಂಗಳಿಗೆ ಸೇರಿಬಿಡುತ್ತದೆ. ಬಳಸುವವರು ಆರಿಸಿದ ವರ್ಷ, ತಿಂಗಳು, ದಿನವನ್ನು ಗಂಟೆಯ ಗೊಡವೆಯಿಲ್ಲದೆ ಹಾಗೇ ಉಳಿಸಿ.